ಥಾಮಸ್ ಗೇಜ್: ದಂಡೂ ಅವನದೇ, ಆಡಳಿತವೂ ಅವನದೇ, ಆದರೂ ಮಾತು ನಡೆಯಲಿಲ್ಲ ಏಕೆ?

ಗೇಜ್ 1763ರಿಂದ ಉತ್ತರ ಅಮೆರಿಕದ ಬ್ರಿಟಿಷ್ ಸೇನೆಯ ಮುಖ್ಯಸ್ಥ. 1774ರ ಮೇ ತಿಂಗಳಲ್ಲಿ ಅಲ್ಲಿನ ಬ್ರಿಟಿಷ್ ವಸಾಹತು ಮ್ಯಾಸಚೂಸೆಟ್ಸ್‌ನ ಗವರ್ನರ್ ಕೂಡ ಆದ; ಬಾಸ್ಟನ್ ಅದರ ಮುಖ್ಯ ಪಟ್ಟಣ. (ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಕಾರ್ನ್‌ವಾಲಿಸ್ ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ಬರುವುದು ಆಮೇಲೆ, ಇಬ್ಬರನ್ನೂ ಬೆರೆಸಬೇಡಿ.)

ತೊಡಕು ಇಲ್ಲೇ. ಎರಡೂ ಅಧಿಕಾರ ಒಬ್ಬನ ಕೈಯಲ್ಲಿದ್ದರೂ ಬಾಸ್ಟನ್ ದಾಟಿದರೆ ಅವನನ್ನು ಕೇಳುವವರೇ ಇರಲಿಲ್ಲ. ಗವರ್ನರ್ ಆಜ್ಞೆ ಹಳ್ಳಿ ಮುಟ್ಟಬೇಕಾದರೆ ನಡುವೆ ಕೌನ್ಸಿಲ್ (ಗವರ್ನರನ ಸಲಹಾ ಮಂಡಳಿ), ನ್ಯಾಯಾಧೀಶರು, ಶೆರಿಫ್ ಬೇಕು. ಬಾಸ್ಟನ್ ಜನ ತೆರಿಗೆ ವಿರೋಧಿಸಿ ಹಡಗಿನ ಚಹಾವನ್ನು ಸಮುದ್ರಕ್ಕೆ ಸುರಿದದ್ದಕ್ಕೆ ಶಿಕ್ಷೆಯಾಗಿ ಬಂದ ಕಾಯ್ದೆಗಳಲ್ಲಿ ಒಂದು, ಅದುವರೆಗೆ ಚುನಾಯಿತವಾಗುತ್ತಿದ್ದ ಕೌನ್ಸಿಲನ್ನು ರಾಜನ ನೇಮಕಕ್ಕೆ ಒಪ್ಪಿಸಿತು. ಗವರ್ನರ್ ಅಪ್ಪಣೆಯಿಲ್ಲದೆ ಊರಸಭೆ ವರ್ಷಕ್ಕೊಂದೇ ಎಂದಿತು. ಜನ ಏನು ಮಾಡಿದರು? ಹೊಸ ಸದಸ್ಯರ ಮನೆ ಮುಂದೆ ಗುಂಪುಗೂಡಿ ರಾಜೀನಾಮೆ ಬರೆಸಿಕೊಂಡರು, ಕೋರ್ಟು ಕೂರಲು ಬಿಡಲಿಲ್ಲ. ಒಪ್ಪದವರು ಸೈನ್ಯದ ಆಸರೆ ಹುಡುಕಿ ಬಾಸ್ಟನ್‌ಗೆ ಓಡಿಬಂದರು. ಕಾಯ್ದೆ ಗವರ್ನರನ ಬಲ ಹೆಚ್ಚಿಸಿತು, ಆ ಬಲವನ್ನು ಊರೂರಿಗೆ ಒಯ್ಯುವವರನ್ನು ಮಾತ್ರ ಕಳೆಯಿತು. ಇಷ್ಟು ಹಿಡಿದರೆ ಮುಂದಿನದೆಲ್ಲ ಸಲೀಸು.

ಇದರ ಮುನ್ಸೂಚನೆ 1774ರ ಜೂನ್ 17ರಂದು ಮ್ಯಾಸಚೂಸೆಟ್ಸ್‌ನದೇ ಊರಾದ ಸೇಲಂನಲ್ಲೇ ಸಿಕ್ಕಿತ್ತು. ಗೇಜ್ ಶಾಸನಸಭೆಯನ್ನು ವಿಸರ್ಜಿಸಲು ಕಾರ್ಯದರ್ಶಿಯನ್ನು ಕಳಿಸಿದ. ಒಳಗಿನಿಂದ ಬಾಗಿಲಿಗೆ ಬೀಗ. ಪಾಪ, ಆತ ಹೊರಗೇ ನಿಂತು ಆಜ್ಞೆ ಓದಿದ. ಒಳಗೆ, ವಸಾಹತುಗಳೆಲ್ಲ ಕೂಡಿ ನಡೆಸಲಿದ್ದ ಫಿಲಡೆಲ್ಫಿಯಾ ಕಾಂಗ್ರೆಸ್‌ಗೆ ಐವರು ಪ್ರತಿನಿಧಿಗಳ ಆಯ್ಕೆ ನಡೆಯಿತು.

ನನ್ನ ಕಿರುದಾರಿ: ಲಂಡನ್ ಪತ್ರ ಯಾವುದೇ ಬರಲಿ, ಬರೆದ ದಿನ, ತಲುಪಿದ ದಿನ ಎರಡನ್ನೂ ಗುರುತು ಹಾಕಿ. ಗೇಜ್ ಇಪ್ಪತ್ತು ಸಾವಿರ ಸೈನಿಕರು ಬೇಕೆಂದು ಬರೆದಿದ್ದ. ಲಂಡನ್‌ನವರಿಗೆ ಅದು ಅಂಜುಬುರುಕನ ಮಾತಾಗಿ ಕಂಡಿತು. ವಿರೋಧಿಗಳ ಮುಖಂಡರನ್ನು ಬಂಧಿಸು ಎಂದು ಸಚಿವ ಡಾರ್ಟ್‌ಮತ್ ಬರೆದದ್ದು 1775ರ ಜನವರಿ 27ಕ್ಕೆ, ಕೈಸೇರಿದ್ದು ಏಪ್ರಿಲ್ 14ಕ್ಕೆ. ಹನ್ನೊಂದು ವಾರ! ನಾಲ್ಕೇ ದಿನದಲ್ಲಿ, 18ರ ರಾತ್ರಿ, ಸುಮಾರು 700 ಸೈನಿಕರು, ವಿರೋಧಿಗಳು ಮದ್ದುಗುಂಡು ಕೂಡಿಟ್ಟಿದ್ದ ಕಾನ್‌ಕರ್ಡ್ ಊರಿಗೆ ಹೊರಟರು. ಆದರೆ ಗೇಜ್ ಕೊಟ್ಟ ಲಿಖಿತ ಆದೇಶದಲ್ಲಿ ಬಂಧನದ ಮಾತೇ ಇಲ್ಲ. ಮದ್ದುಗುಂಡು, ಫಿರಂಗಿ, ದಿನಸಿ ನಾಶಮಾಡಿ ಎಂದಷ್ಟೇ ಇದೆ. ಲೂಟಿ ಬೇಡ ಎಂಬ ಎಚ್ಚರಿಕೆಯೂ ಇದೆ. ಪಠ್ಯದಲ್ಲಿ ಕಾಣುವ ಕ್ರೂರ ದಂಡನಾಯಕ ಇವನಲ್ಲ ಎಂದು ನನಗನಿಸುವುದು ಇಲ್ಲಿ.

ಉಳಿದದ್ದು ಬೇಗ ಮುಗಿಯುತ್ತದೆ: ಆ ದಾಳಿಯಿಂದಲೇ ಯುದ್ಧ ಹೊತ್ತಿಕೊಂಡಿತು. 1775ರ ಜೂನ್ 17, ಬಾಸ್ಟನ್ ಪಕ್ಕದ ಬಂಕರ್ ಹಿಲ್ ಕಾಳಗ. ಗುಡ್ಡ ಸಿಕ್ಕಿತು, ಆದರೆ ಸತ್ತವರು ಗಾಯಗೊಂಡವರು ಸೇರಿ ಬ್ರಿಟಿಷ್ ಕಡೆ ಸಾವಿರ ದಾಟಿತು. ಅಕ್ಟೋಬರ್‌ನಲ್ಲಿ ಗೇಜ್ ಇಂಗ್ಲೆಂಡಿಗೆ ಹಡಗು ಹತ್ತಿದ. ಬಾಸ್ಟನ್ ಸೇನೆ ಜನರಲ್ ಹೋವ್ ವಶಕ್ಕೆ ಹೋಯಿತು.