ವೋಲ್ಟ್ ಜಾಸ್ತಿ ಇರಲಿ, ಮೈಕ್ರೊಫ್ಯಾರಡ್ ಬೇಡ

ಹಳೆಯ ಸ್ಪೀಕರ್ ಹೊತ್ತು ತರುವವರು ಒಂದು ಮಾತು ಹೇಳಿಯೇ ಹೇಳುತ್ತಾರೆ. "ಕ್ರಾಸ್‌ಓವರ್ ಕಪಾಸಿಟರ್ ಹೋಗಿತ್ತು, ಸ್ವಲ್ಪ ದೊಡ್ಡದೇ ಹಾಕಿಸಿದೆ. ಜಾಸ್ತಿ ಇದ್ದರೆ ಒಳ್ಳೇದೇ ಅಲ್ವಾ?"

ಅಲ್ಲ. ದಯವಿಟ್ಟು ಹಾಗೆ ಮಾಡಬೇಡಿ.

ಕ್ರಾಸ್‌ಓವರ್ ಅಂದರೆ ಸ್ಪೀಕರ್ ಪೆಟ್ಟಿಗೆಯೊಳಗೆ ತಾರದ ದನಿ, ದಪ್ಪ ದನಿ ಬೇರೆ ಮಾಡಿ ಹಂಚುವ ಸರ್ಕ್ಯೂಟ್. ಅದರ ಕಪಾಸಿಟರ್ ಮೈಮೇಲೆ ಎರಡು ಅಂಕಿ ಇರುತ್ತವೆ. ವೋಲ್ಟ್ ಅಂದರೆ ಅದರ ತಾಳಿಕೆ. 50 ಇದ್ದ ಕಡೆ 100 ಹಾಕಿ, ಏನೂ ತೊಂದರೆ ಇಲ್ಲ. ಮೈಕ್ರೊಫ್ಯಾರಡ್, ಅಂದರೆ ವಿದ್ಯುತ್ ಹಿಡಿದಿಡುವ ಅಳತೆ, ಹಾಗಲ್ಲ. ತಾರದ ದನಿ ನುಡಿಸುವ ಚಿಕ್ಕ ಸ್ಪೀಕರ್‌ಗೆ, ಅಂದರೆ ಟ್ವೀಟರ್‌ಗೆ, ಯಾವ ದನಿ ಹೋಗಬೇಕು, ಯಾವುದು ಹೋಗಬಾರದು ಅಂತ ತೀರ್ಮಾನಿಸುವುದೇ ಅದು. 8 ಓಮ್ ಟ್ವೀಟರ್‌ಗೆ 4 ಮೈಕ್ರೊಫ್ಯಾರಡ್ ಒಂದೇ ಇದ್ದರೆ, ಸುಮಾರು 5,000 ಹರ್ಟ್ಸ್‌ಗಿಂತ ಕೆಳಗಿನದು ತಗ್ಗುತ್ತಾ ಹೋಗುತ್ತದೆ. ಅಲ್ಲಿ 10 ಹಾಕಿದರೆ ಆ ಗಡಿ 2,000ಕ್ಕೆ ಇಳಿಯುತ್ತದೆ. ದಪ್ಪ ದನಿಯ ದೊಡ್ಡ ಸ್ಪೀಕರ್ ವೂಫರ್ ಹೊರಬೇಕಾದ ಭಾರವನ್ನು ಟ್ವೀಟರ್ ಒಳಗಿನ ಕೂದಲೆಳೆಯಂಥ ತಂತಿಯ ಸುರುಳಿ ಹೊರಬೇಕು. ಎಷ್ಟು ದಿನ ಹೊತ್ತೀತು?

ಒಬ್ಬ ನಿವೃತ್ತ ಮೇಷ್ಟ್ರು ತಂದೆಯ ಕಾಲದ ಜೋಡಿ ತಂದಿದ್ದರು. "ಅಪ್ಪ ದಿನಾ ಬೆಳಿಗ್ಗೆ ಇದರಲ್ಲೇ ಭೀಮಸೇನ ಜೋಶಿ ಕೇಳ್ತಿದ್ರು" ಅಂದರು. ಬಿಚ್ಚಿ ನೋಡಿದರೆ ಒಂದು ಪೆಟ್ಟಿಗೆಯಲ್ಲಿ 10ರ ಕಪಾಸಿಟರ್. ಅದೂ ಪಕ್ಕದಲ್ಲಿ ಮೈನಸ್ ಪಟ್ಟಿ ಇರುವಂಥದ್ದು. ಸ್ಪೀಕರ್‌ಗೆ ಬರುವುದು ಎ.ಸಿ., ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟ್. ಅಲ್ಲಿ ಪ್ಲಸ್ ಮೈನಸ್ ಭೇದವಿಲ್ಲದ ನಾನ್‌ಪೋಲಾರ್ ಬೇಕು. ಟ್ವೀಟರ್ ಸುರುಳಿ ಕಪ್ಪಗೆ ಸುಟ್ಟಿತ್ತು. ಅವರ ಮುಖ ನೋಡಿ ನನಗೇ ಸಂಕಟವಾಯಿತು.

ಒಳಗೆ ದ್ರವ ಇರುವ ಹಳೆಯ ಎಲೆಕ್ಟ್ರೊಲಿಟಿಕ್ ಕಪಾಸಿಟರ್ ಒಣಗುತ್ತದೆ ಅನ್ನುವುದು ನಿಜ. ಕೆಲವೊಮ್ಮೆ ಮೀಟರ್‌ನಲ್ಲಿ ಅಂಕಿ ಸರಿಯಾಗೇ ಕಾಣುತ್ತದೆ, ಆದರೆ ಒಳಗಿನ ರೆಸಿಸ್ಟೆನ್ಸ್, ಅಂದರೆ ಇಎಸ್‌ಆರ್ ಏರಿ, ತಾರದ ದನಿ ಮಂಕಾಗಿರುತ್ತದೆ. ಹಾಗಾಗಿ ಎರಡನ್ನೂ ಅಳೆಯಬೇಕು. ಬದಲಿಸುವುದಾದರೆ ಎರಡು ಪೆಟ್ಟಿಗೆಯಲ್ಲೂ ಒಟ್ಟಿಗೆ ಬದಲಿಸಿ. ಅದರ ಬದಲು ದುಬಾರಿ ಫಿಲ್ಮ್ (ತೆಳು ಪ್ಲಾಸ್ಟಿಕ್ ಪದರದ) ಕಪಾಸಿಟರ್ ಹಾಕಿದರೆ ಕೆಲವು ಸ್ಪೀಕರ್‌ಗಳಲ್ಲಿ ದನಿ ಚುಚ್ಚತೊಡಗುತ್ತದೆ. ಅದರ ಇಎಸ್‌ಆರ್ ತೀರಾ ಕಡಿಮೆ. ಅಂಥ ಕಡೆ ಅರ್ಧ ಓಮ್, ಒಂದು ಓಮ್ ರೆಸಿಸ್ಟರ್ ಅದರ ಜೊತೆಗೆ ಸಾಲಾಗಿ (ಸೀರೀಸ್‌ನಲ್ಲಿ) ಸೇರಿಸುತ್ತೇನೆ. ಎಲ್ಲ ಸ್ಪೀಕರ್‌ಗೂ ಇದೇ ಲೆಕ್ಕ ಅಂತಲ್ಲ, ಕೇಳಿ ನೋಡಿಯೇ ಹಾಕಬೇಕು. ಕ್ರಾಸ್‌ಓವರ್‌ನಲ್ಲಿರುವ ತಾಮ್ರದ ಸುರುಳಿಗಳನ್ನು ಸುಮ್ನೆ ಮುಟ್ಟಬೇಡಿ, ಅವು ಕೆಡುವುದು ಅಪರೂಪ.

ಬಿಚ್ಚಿದ ಹಳೆಯ ಕಪಾಸಿಟರನ್ನು ಎಸೆಯದೆ ಕವರಿನಲ್ಲಿ ಹಾಕಿ ತನ್ನಿ, ಮೂಲ ಅಂಕಿ ತಿಳಿಯುವುದು ಅದರಿಂದಲೇ. ಮೇಷ್ಟ್ರ ಇನ್ನೊಂದು ಪೆಟ್ಟಿಗೆಯನ್ನು ಯಾರೂ ಬಿಚ್ಚಿರಲಿಲ್ಲ. ಧೂಳು ಒರೆಸಿದಾಗ ಕಪಾಸಿಟರ್ ಮೇಲೆ 4 ಅಂತ ಸ್ಪಷ್ಟವಾಗಿ ಕಂಡಿತು. ಅದನ್ನು ನೋಡಿಯೇ ಎರಡನ್ನೂ ಸರಿಮಾಡಿದೆ.