ಆದಾಯ ತೆರಿಗೆ ಹೋಗಿ ಬರೀ ಖರ್ಚಿನ ಮೇಲೆ ತೆರಿಗೆ ಬಂದರೆ ಕಾಫಿ ಬೆಳೆಗಾರರಿಗೆ ಲಾಭವಾ?

ಪ್ರಶ್ನೆ: ಆದಾಯ ತೆರಿಗೆಯನ್ನೇ ತೆಗೆದುಹಾಕಿ, ಏನಾದರೂ ಕೊಂಡಾಗ ಮಾತ್ರ ತೆರಿಗೆ ಕಟ್ಟುವ ಹಾಗೆ ಮಾಡಿದರೆ ಒಳ್ಳೆಯದಲ್ವಾ? ರಿಟರ್ನ್ಸ್, ಆಡಿಟರ್ ಫೀಸು, ನೋಟಿಸು ಯಾವ ತಲೆನೋವೂ ಇರಲ್ಲ. ನಮ್ಮಂಥ ಸಣ್ಣ ಬೆಳೆಗಾರರಿಗೆ ಲಾಭ ತಾನೇ? (ಸಿದ್ದಾಪುರ ಕಡೆಯ ಓದುಗರು)

ಉತ್ತರ: ಕೊಡಗಿನ ಸಣ್ಣ ಬೆಳೆಗಾರರಿಗೆ ಇದರಿಂದ ನಷ್ಟವೇ ಜಾಸ್ತಿ. ಯಾಕೆ ಅಂತ ಹೇಳುತ್ತೇನೆ.

ಮೊದಲು ನೀವು ಈಗ ಎಷ್ಟು ಆದಾಯ ತೆರಿಗೆ ಕಟ್ಟುತ್ತಿದ್ದೀರಿ ನೋಡಿ. ಕಣದಲ್ಲಿ ಒಣಗಿಸಿದ ಚೆರ್ರಿಯನ್ನು (ಇಡೀ ಕಾಫಿ ಹಣ್ಣನ್ನು) ಅಥವಾ ಪಲ್ಪಿಂಗ್ ಮಾಡಿದ, ಅಂದರೆ ಹಣ್ಣಿನ ಸಿಪ್ಪೆ ತೆಗೆದ, ಪಾರ್ಚ್‌ಮೆಂಟನ್ನು ಹಾಗೇ ವ್ಯಾಪಾರಿಗೆ ಕೊಟ್ಟರೆ ಅದು ಕೃಷಿ ಆದಾಯ. ಅದಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಕ್ಯೂರಿಂಗ್ ಮಾಡಿಸಿ, ಅಂದರೆ ಬೀಜದ ಹೊಟ್ಟು ತೆಗೆಸಿ ಶುಚಿ ಮಾಡಿಸಿ, ಮಾರಿದರೆ ಆ ಆದಾಯದ 25%, ಹುರಿದು ಪುಡಿ ಮಾಡಿ ಮಾರಿದರೆ 40% ಭಾಗವನ್ನು ವ್ಯಾಪಾರದ ಆದಾಯ ಅಂತ ಲೆಕ್ಕ ಹಿಡಿಯುತ್ತಾರೆ. ಇದರ ಜೊತೆಗೆ, 2025ರ ಬಜೆಟ್ ಬಂದಮೇಲೆ ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷ ರೂಪಾಯಿವರೆಗಿನ ಸಾಮಾನ್ಯ ಆದಾಯಕ್ಕೂ ತೆರಿಗೆ ಬೀಳುವುದಿಲ್ಲ. ಅಂದರೆ ಯಾವ ತೆರಿಗೆ ಹೋಗಲಿ ಅಂತ ಕೇಳುತ್ತಿದ್ದೀರೋ, ಅದನ್ನು ನಿಮ್ಮಲ್ಲಿ ಹೆಚ್ಚಿನವರು ಈಗಲೂ ಕಟ್ಟುತ್ತಿಲ್ಲ.

ಕಟ್ಟುತ್ತಿರುವುದು ಜಿಎಸ್‌ಟಿ. ಗೊಬ್ಬರಕ್ಕೆ 5%. ಹೂಮಳೆ (ಕಾಫಿ ಹೂ ಅರಳಲು ಬೇಕಾದ ಮಳೆ) ಕೈಕೊಟ್ಟಾಗ ಓಡಿಸುವ ಸ್ಪ್ರಿಂಕ್ಲರ್‌ಗೆ 5%. ಕಣಕ್ಕೆ ಹಾಕುವ ಸಿಮೆಂಟಿಗೆ 18%. ಅಂಗಡಿಯವರಿಗೆ, ಕಾರ್ಖಾನೆಯವರಿಗೆ ಒಂದು ಅನುಕೂಲ ಇದೆ. ತಾವು ಕೊಂಡ ಮಾಲಿನ ಮೇಲೆ ಕಟ್ಟಿದ ಜಿಎಸ್‌ಟಿಯನ್ನು, ಮಾರುವಾಗ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಮುರಿದುಕೊಳ್ಳುತ್ತಾರೆ. ನಿಮಗೆ ಅದು ಇಲ್ಲ. ಹುರಿಯದ ಕಾಫಿ ಬೀಜಕ್ಕೆ ಜಿಎಸ್‌ಟಿಯೇ ಇಲ್ಲ, ಹಾಗಾಗಿ ಮುರಿದುಕೊಳ್ಳಲು ಜಾಗವೂ ಇಲ್ಲ. ತೋಟಕ್ಕೆ ತಂದ ಸಾಮಾನಿನ ಮೇಲಿನ ಅಷ್ಟೂ ತೆರಿಗೆ ನಿಮ್ಮ ತಲೆಯ ಮೇಲೇ ಉಳಿಯುತ್ತದೆ.

ಹಾಗಾದರೆ ಕಾಫಿ ಬೆಲೆ ಏರಿಸಿ ವಸೂಲು ಮಾಡಬಹುದಲ್ಲ ಅಂದರೆ, ಅದೂ ಆಗಲ್ಲ. ನಮ್ಮ ದೇಶದ ಕಾಫಿಯಲ್ಲಿ ದೊಡ್ಡ ಪಾಲು ರಫ್ತಾಗುತ್ತದೆ. ರೋಬಸ್ಟಾ ಬೆಲೆ ಲಂಡನ್ ಮಾರುಕಟ್ಟೆಯನ್ನು, ಅರೇಬಿಕಾ ಬೆಲೆ ನ್ಯೂಯಾರ್ಕನ್ನು ನೋಡಿಕೊಂಡು ನಡೆಯುತ್ತದೆ. ಕೊಡಗಿನಲ್ಲಿ ಗೊಬ್ಬರ ದುಬಾರಿಯಾಯಿತು ಅಂತ ಅಲ್ಲಿ ಯಾರೂ ಒಂದು ಪೈಸೆ ಜಾಸ್ತಿ ಕೊಡುವುದಿಲ್ಲ.

ಈಗ ದರ ಎಷ್ಟಾಗಬಹುದು ನೋಡೋಣ. 2025-26ರ ಬಜೆಟ್ ಪ್ರಕಾರ ಕೇಂದ್ರಕ್ಕೆ ಬರುವ ಪ್ರತಿ ರೂಪಾಯಿಯಲ್ಲಿ 22 ಪೈಸೆ ಆದಾಯ ತೆರಿಗೆಯದು, 18 ಪೈಸೆ ಜಿಎಸ್‌ಟಿಯದು. ಕಂಪನಿ ತೆರಿಗೆಯನ್ನು ಮುಟ್ಟದೆ, ಬರೀ ಆ 22 ಪೈಸೆಯನ್ನು ಜಿಎಸ್‌ಟಿಯಿಂದಲೇ ಎತ್ತಬೇಕು ಅಂದರೆ 18 ಪೈಸೆ ಇದ್ದದ್ದು 40 ಪೈಸೆ ಆಗಬೇಕು, ಅಂದರೆ ಸುಮಾರು ಎರಡೂಕಾಲು ಪಟ್ಟು. 18% ಜಿಎಸ್‌ಟಿಯಲ್ಲಿ ಕೇಂದ್ರಕ್ಕೆ 9, ರಾಜ್ಯಕ್ಕೆ 9. ರಾಜ್ಯದ 9 ಹಾಗೇ ಇದ್ದು ಕೇಂದ್ರದ 9 ಇದ್ದದ್ದು 20 ಆದರೆ ಒಟ್ಟು 29%. ಇದು ಒರಟು ಲೆಕ್ಕ. ಅದೂ ಜನ ಈಗಿನಷ್ಟೇ ಕೊಳ್ಳುತ್ತಾರೆ, ಬಿಲ್ ಇಲ್ಲದ ವ್ಯಾಪಾರ ಹೆಚ್ಚುವುದಿಲ್ಲ ಅಂದುಕೊಂಡರೆ ಮಾತ್ರ. ಇಷ್ಟು ದರ ಬಂದರೆ ‘ಬಿಲ್ ಬೇಕಾ, ಬೇಡ್ವಾ’ ಅಂತ ಕೇಳುವ ಅಂಗಡಿ, ಹೋಂಸ್ಟೇ ಖಂಡಿತ ಹೆಚ್ಚುತ್ತವೆ.

ಅಮೆರಿಕದಲ್ಲಿ ಈ ಯೋಜನೆಗೆ ಫೇರ್‌ಟ್ಯಾಕ್ಸ್ ಅಂತ ಹೆಸರು. 1999ರಿಂದ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನಲ್ಲಿ ಇದರ ಮಸೂದೆ ಮತ್ತೆ ಮತ್ತೆ ಬಂದಿದೆ, ಒಮ್ಮೆಯೂ ಕಾನೂನಾಗಿಲ್ಲ. ದರ 23% ಅಂತ ಹೇಳುತ್ತಾರೆ. ಆದರೆ 100 ರೂಪಾಯಿ ಸಾಮಾನಿಗೆ 30 ಸೇರಿಸಿ 130 ಕೊಡಬೇಕು. 130ರಲ್ಲಿ 30 ಅಂದರೆ 23%, ಲೆಕ್ಕ ತಪ್ಪಲ್ಲ. ಆದರೆ ಜಿಎಸ್‌ಟಿ ಹಾಕುವ ನಮ್ಮ ರೀತಿಯಲ್ಲಿ ಅದು 30%. ಬಡವರಿಗೆ ಹೊರೆಯಾಗದಿರಲಿ ಅಂತ ಪ್ರತಿ ಕುಟುಂಬಕ್ಕೂ ತಿಂಗಳು ತಿಂಗಳು ಮುಂಗಡ ಹಣ ಕೊಡುವ ಮಾತು ಆ ಮಸೂದೆಯಲ್ಲಿದೆ.

ಆ ಮುಂಗಡ ಯಾಕೆ ಬೇಕು ಅಂದರೆ, ನಿಮ್ಮ ತೋಟದ ಲೈನ್ ಮನೆಯಲ್ಲಿರುವ ಕೂಲಿ ಕಾರ್ಮಿಕರನ್ನೇ ನೆನೆಸಿಕೊಳ್ಳಿ. ವಾರದ ಬಟವಾಡೆ ಆದಮೇಲೆ ಸಂತೆಗೆ ಹೋದರೆ ದುಡಿದದ್ದೆಲ್ಲ ಅಲ್ಲೇ ಮುಗಿಯುತ್ತದೆ. ಅವರ ಪೂರ್ತಿ ದುಡಿಮೆ ಖರ್ಚಿನ ತೆರಿಗೆಯ ಕೆಳಗೆ ಬರುತ್ತದೆ. ತಿಂಗಳಿಗೆ 3 ಲಕ್ಷ ಸಂಬಳ ಬಂದು 1 ಲಕ್ಷ ಖರ್ಚು ಮಾಡುವವರಿಗೆ ಮೂರರಲ್ಲಿ ಒಂದು ಪಾಲಿಗೆ ಮಾತ್ರ ತೆರಿಗೆ. ಅಕ್ಕಿ, ತರಕಾರಿ, ಹಾಲಿಗೆ ಈಗ ಬಿಡಿ ಕೊಂಡರೆ ಜಿಎಸ್‌ಟಿ ಇಲ್ಲ, ನಿಜ. ಅಷ್ಟು ಹಣ ಎತ್ತಬೇಕಾದಾಗ ಆ ವಿನಾಯಿತಿ ಉಳಿಯುತ್ತದೆ ಅನ್ನುವ ನಂಬಿಕೆ ನನಗಿಲ್ಲ. ಗೃಹಲಕ್ಷ್ಮಿಯಲ್ಲಿ ತಿಂಗಳಿಗೆ 2,000 ರೂಪಾಯಿ ಕೊಡುವ ಹಾಗೆ ಇದನ್ನೂ ಕೊಡಬಹುದಲ್ಲ ಅನ್ನಬಹುದು. ಆದರೆ ಅಸ್ಸಾಂನಿಂದ ಬಂದು ತೋಟದಲ್ಲಿ ದುಡಿಯುವವರಿಗೆ, ದಾಖಲೆಯೇ ಸರಿಯಿಲ್ಲದ ಎಷ್ಟೋ ಯರವ, ಜೇನು ಕುರುಬ ಬುಡಕಟ್ಟು ಕುಟುಂಬಗಳಿಗೆ ಅದು ತಲುಪುವುದು ಹೇಗೆ? ಸಂತೆಯಲ್ಲಿ ತೆರಿಗೆ ಮಾತ್ರ ಅವರನ್ನು ಬಿಡುವುದಿಲ್ಲ.

ಕೊಡಗಿನಲ್ಲಿ ಇನ್ನೊಂದು ಗುಂಪಿಗೂ ಇದು ಅನ್ಯಾಯ. ಸೈನ್ಯದಿಂದ ನಿವೃತ್ತರಾದವರು ಇಲ್ಲಿ ಮನೆ ಮನೆಯಲ್ಲಿದ್ದಾರೆ. ಸರ್ವೀಸಿನಲ್ಲಿದ್ದಾಗ ಸಂಬಳದಲ್ಲೇ ತೆರಿಗೆ ಕಡಿತವಾಗಿ, ಉಳಿದದ್ದರಲ್ಲಿ ಇಷ್ಟಿಷ್ಟು ಕೂಡಿಟ್ಟವರು ಅವರು. ಈಗ ಆ ಉಳಿತಾಯ ತೆಗೆದು ಮನೆ ರಿಪೇರಿಗೋ ಮಗಳ ಮದುವೆಗೋ ಹಾಕಿದರೆ, ಅದೇ ಹಣಕ್ಕೆ ಮತ್ತೆ 29%.

ಈ ಯೋಚನೆಯಲ್ಲಿ ಒಳ್ಳೆಯ ಅಂಶ ಇಲ್ಲವೇ ಇಲ್ಲ ಅನ್ನುವುದಿಲ್ಲ. ಆದಾಯ ಮುಚ್ಚಿಟ್ಟವರೂ ಕಾರು ಕೊಂಡಾಗ ತೆರಿಗೆ ಕಟ್ಟಲೇಬೇಕು. ಉಳಿತಾಯಕ್ಕೆ ಪ್ರೋತ್ಸಾಹ ಸಿಗುತ್ತದೆ. ಅರ್ಥಶಾಸ್ತ್ರಜ್ಞ ನಿಕೋಲಸ್ ಕಾಲ್ಡರ್ 1956ರಲ್ಲಿ ನಮ್ಮ ಸರ್ಕಾರಕ್ಕೆ ಖರ್ಚಿನ ತೆರಿಗೆ ಹಾಕಿ ಅಂತ ಸಲಹೆ ಕೊಟ್ಟಿದ್ದರು. ಆದರೆ ಅವರು ಹೇಳಿದ್ದು ಅಂಗಡಿಯ ಬಿಲ್ಲಿನ ಮೇಲಲ್ಲ, ಭಾರೀ ಶ್ರೀಮಂತರ ವರ್ಷದ ಒಟ್ಟು ಖರ್ಚಿನ ಮೇಲೆ. ಅದೂ ಆದಾಯ ತೆರಿಗೆಯ ಜೊತೆಗೆ, ಅದರ ಬದಲಿಗೆ ಅಲ್ಲ. 1957ರಲ್ಲಿ ಕಾನೂನಾಯಿತು. 1962ರಲ್ಲಿ ಕೈಬಿಟ್ಟರು, 1964ರಲ್ಲಿ ಮತ್ತೆ ತಂದರು, 1966ರಲ್ಲಿ ಪೂರ್ತಿ ತೆಗೆದರು. ಯಾರು ಎಲ್ಲಿ ಎಷ್ಟು ಖರ್ಚು ಮಾಡಿದರು ಅಂತ ಹಿಡಿಯುವುದೇ ಕಷ್ಟವಾಗಿತ್ತು, ಬಂದ ಹಣವೂ ತೀರಾ ಕಡಿಮೆ.

ತೆರಿಗೆ ವಿಷಯದಲ್ಲಿ ಬೆಳೆಗಾರರು ಒಂದನ್ನು ಕೇಳುವುದಾದರೆ, ಗೊಬ್ಬರ, ಸಿಮೆಂಟು, ಸ್ಪ್ರಿಂಕ್ಲರ್ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ವಾಪಸ್ ಕೊಡುವ ದಾರಿ ಮಾಡಿ ಅಂತ ಕೇಳಿ. ರಫ್ತು ಮಾಡುವ ಕಂಪನಿಗೆ ಅಂಥ ದಾರಿ ಈಗಾಗಲೇ ಇದೆ. ಅದೇ ಕಾಫಿ ಬೆಳೆದವರಿಗೂ ಇರಬೇಕಲ್ವಾ?