ಸಿಂಗಪುರಕ್ಕೆ ಬಂದರೂ ಊರು ನೋಡದ ಕಂಟೇನರ್‌ಗಳು

"ನಮ್ಮ ಕಂಟೇನರ್ ಸಿಂಗಪುರದಲ್ಲಿ ಇಳಿದು ಐದಾರು ದಿನ ಆಯ್ತು, ಇನ್ನೂ ಅಲ್ಲೇ ಇದೆ. ಕಸ್ಟಮ್ಸ್‌ನವರು ಹಿಡಿದಿದ್ದಾರಾ?" ಸರಕು ಸಾಗಣೆ ಕೆಲಸದಲ್ಲಿರುವ ನಮಗೆ ಈ ಪ್ರಶ್ನೆ ಮಾಮೂಲು. ಸಾಮಾನ್ಯವಾಗಿ ಯಾರೂ ಹಿಡಿದಿರುವುದಿಲ್ಲ. ಅದು ಮುಂದಿನ ಹಡಗಿಗೆ ಕಾಯುತ್ತಿರುತ್ತದೆ, ಅಷ್ಟೇ.

ಸಿಂಗಪುರದಲ್ಲಿ ಇಳಿಯುವ ಹತ್ತು ಕಂಟೇನರ್‌ಗಳಲ್ಲಿ ಎಂಟಕ್ಕಿಂತ ಜಾಸ್ತಿ ಬಂದರಿನ ಗೇಟು ದಾಟುವುದೇ ಇಲ್ಲ. ಒಂದು ಹಡಗಿನಿಂದ ಇಳಿದು ಇನ್ನೊಂದನ್ನು ಹತ್ತಿ ಹೊರಡುತ್ತವೆ. ಇದೇ ಟ್ರಾನ್ಸ್‌ಶಿಪ್‌ಮೆಂಟ್. ಆ ಬಂದರಿನ ಕಥೆ ಅರ್ಥ ಆಗಬೇಕಾದರೆ ಮೊದಲು ಇದನ್ನು ಹಿಡಿದುಕೊಳ್ಳಬೇಕು.

1819ರಲ್ಲಿ ಬ್ರಿಟಿಷ್ ಅಧಿಕಾರಿ ರಾಫಲ್ಸ್ ಬಂದಿಳಿದ ಮೇಲೆ ಸುಂಕವಿಲ್ಲದ ಬಂದರಾಗಿ ಸಿಂಗಪುರ ಬೆಳೆಯಿತು. ಆದರೆ ಕಂಟೇನರ್ ಬಂದರಾಗಿ ಅದರ ವಯಸ್ಸು ಐವತ್ತು ಚಿಲ್ಲರೆ ವರ್ಷ ಮಾತ್ರ. 1960ರ ದಶಕದ ಕೊನೆಯಲ್ಲಿ, ಹಡಗು ಕಂಪನಿಗಳು ಬಂದೇ ಬರುತ್ತವೆ ಎಂಬ ಖಾತ್ರಿ ಇಲ್ಲದಿದ್ದರೂ, ವಿಶ್ವಬ್ಯಾಂಕಿನ ಸಾಲ ತೆಗೆದುಕೊಂಡು ತಾಂಜೊಂಗ್ ಪಗಾರ್‌ನಲ್ಲಿ ಕಂಟೇನರ್ ಹಡಗು ನಿಲ್ಲುವ ಕಟ್ಟೆ (ಬರ್ತ್) ಕಟ್ಟಲು ಹೊರಟರು. 1972ರ ಜೂನ್ 23ರಂದು 'ನಿಹೋನ್' ಹಡಗು ರಾಟರ್‌ಡ್ಯಾಮ್‌ನಿಂದ 300 ಕಂಟೇನರ್ ತಂದು ಅಲ್ಲಿ ನಿಂತಿತು. 1982ಕ್ಕೆ ವರ್ಷಕ್ಕೆ 10 ಲಕ್ಷ ಟಿಇಯು ಆಯಿತು. (ಇಪ್ಪತ್ತಡಿಯ ಒಂದು ಕಂಟೇನರ್ ಅಂದರೆ ಒಂದು ಟಿಇಯು.) 2024ರಲ್ಲಿ ಅದು 4.1 ಕೋಟಿ ದಾಟಿತು. 2010ರಿಂದ ಜಗತ್ತಿನ ಮೊದಲ ಸ್ಥಾನ ಶಾಂಘೈಯದು. ಆದರೆ ಅಲ್ಲಿಯದು ಮುಖ್ಯವಾಗಿ ಚೀನಾದ್ದೇ ಸರಕು. ಸಿಂಗಪುರದಲ್ಲಿ ಓಡಾಡುವುದು ಬಹುಪಾಲು ಬೇರೆಯವರ ಮಾಲು.

ಬೇರೆಯವರ ಮಾಲು ನಂಬಿಕೊಂಡ ಬಂದರಿಗೆ ಒಂದು ಭಯ ಇದ್ದೇ ಇರುತ್ತದೆ. ಗಿರಾಕಿ ಎದ್ದು ಪಕ್ಕದ ಮನೆಗೆ ಹೋಗಬಹುದು. ಹಾಗೇ ಆಯಿತು. 2000ದಲ್ಲಿ ಮೇರ್ಸ್ಕ್, 2002ರಲ್ಲಿ ಎವರ್‌ಗ್ರೀನ್, ಎರಡೂ ದೊಡ್ಡ ಹಡಗು ಕಂಪನಿಗಳು ಜಲಸಂಧಿಯ ಆಚೆ ದಡದ ಮಲೇಷ್ಯಾದ ತಾಂಜುಂಗ್ ಪೆಲೆಪಾಸ್‌ಗೆ ಹೋದವು. ಆ ಪೆಟ್ಟಿನಿಂದ ಬಂದರು ನಡೆಸುವ ಪಿಎಸ್‌ಎ ಪಾಠ ಕಲಿಯಿತು ಅಂತಲೇ ನನ್ನ ಅನಿಸಿಕೆ. ಆಮೇಲೆ ಕಾಸ್ಕೊ, ಎಂಎಸ್‌ಸಿಯಂಥ ಹಡಗು ಕಂಪನಿಗಳಿಗೆ ಟರ್ಮಿನಲ್‌ನಲ್ಲೇ ಪಾಲು ಕೊಟ್ಟಿತು. ಪಾಲುದಾರ ಅಷ್ಟು ಸುಲಭಕ್ಕೆ ಎದ್ದು ಹೋಗುವುದಿಲ್ಲ, ಅಲ್ವಾ?

ಬಂದರು ಅಂದ ಕೂಡಲೇ ಜನ ಫೋಟೋ ತೆಗೆಯುವುದು ದಡದ ದೊಡ್ಡ ಕ್ರೇನುಗಳನ್ನು. ಟ್ರಾನ್ಸ್‌ಶಿಪ್‌ಮೆಂಟ್ ಬಂದರಿನ ನಿಜವಾದ ತಲೆನೋವು ಅವುಗಳ ಹಿಂದೆ, ಯಾರ್ಡ್‌ನಲ್ಲಿದೆ. ಕಂಟೇನರ್‌ಗಳನ್ನು ಅಲ್ಲಿ ಒಂದರ ಮೇಲೊಂದು ಪೇರಿಸುತ್ತಾರೆ. ನಿಮ್ಮದು ಕೆಳಗಿದ್ದು, ಮೇಲೆ ನಾಲ್ಕು ಕೂತಿವೆ ಅಂದುಕೊಳ್ಳಿ. ಅದನ್ನು ತೆಗೆಯಲು ಆ ನಾಲ್ಕನ್ನೂ ಎತ್ತಿ ಪಕ್ಕಕ್ಕಿಡಬೇಕು. ಈ ಸುಮ್ನೆ ಎತ್ತಿಡುವ ಕೆಲಸಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಹಾಗಾಗಿ ಯಾವ ಕಂಟೇನರ್ ಯಾವ ಹಡಗಿಗೆ, ಯಾವ ಬಂದರಿಗೆ, ಎಷ್ಟು ಭಾರ ಅಂತ ಮೊದಲೇ ಲೆಕ್ಕ ಹಾಕಿ ಜಾಗ ಕೊಡಬೇಕು. ಭಾರದ್ದು ಹಡಗಿನಲ್ಲಿ ಸಾಮಾನ್ಯವಾಗಿ ಕೆಳಗೆ ಹೋಗುತ್ತದೆ, ಅಂದರೆ ಯಾರ್ಡ್‌ನಲ್ಲಿ ಅದು ಮೊದಲು ಕೈಗೆ ಸಿಗಬೇಕು. ರೀಫರ್‌ಗೆ (ಒಳಗೆ ತಂಪು ಕಾಯುವ ಕಂಟೇನರ್) ಕರೆಂಟ್ ಪ್ಲಗ್ ಇರುವ ಸಾಲೇ ಬೇಕು. ಅಪಾಯಕಾರಿ ರಾಸಾಯನಿಕ ಇದ್ದರೆ ಬೇರೆ ಜಾಗ.

ಹಡಗು ಒಂದು ದಿನ ತಡವಾದರೆ ಈ ಲೆಕ್ಕವೆಲ್ಲ ತಲೆಕೆಳಗು. 2024ರಲ್ಲಿ ಆದದ್ದು ಅದೇ. ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ನಡೆದ ದಾಳಿಗಳಿಂದಾಗಿ ಅವು ಆಫ್ರಿಕಾ ಸುತ್ತಿ ಬರತೊಡಗಿದವು. ವೇಳಾಪಟ್ಟಿ ಕೆಟ್ಟು ಹಲವು ಹಡಗುಗಳು ಒಟ್ಟಿಗೇ ಬಂದವು. ಮುಂದಿನ ಹಡಗು ಸಿಗದ ಕಂಟೇನರ್‌ಗಳು ಯಾರ್ಡ್ ತುಂಬಿದವು. ಬರ್ತ್ ಸಿಗಲು ಎರಡು ಮೂರು ದಿನ ಕಾಯುವ ಪರಿಸ್ಥಿತಿ ಬಂತು. ಕೊನೆಗೆ ಕೆಪ್ಪೆಲ್ ಟರ್ಮಿನಲ್‌ನಲ್ಲಿ ಮುಚ್ಚಿಟ್ಟಿದ್ದ ಹಳೆಯ ಬರ್ತ್, ಯಾರ್ಡ್‌ಗಳನ್ನು ಮತ್ತೆ ತೆರೆದರು.

ಇನ್ನೊಂದು ತೊಂದರೆ ಇದೆ. ಟರ್ಮಿನಲ್‌ಗಳು ಬೇರೆ ಬೇರೆ ಕಡೆ ಇವೆ. ಕೆಪ್ಪೆಲ್, ಬ್ರಾನಿ ನಗರದ ಪಕ್ಕ. ಪಾಸಿರ್ ಪಂಜಾಂಗ್ ಅಲ್ಲಿಂದ ಸ್ವಲ್ಪ ಪಶ್ಚಿಮಕ್ಕೆ. ದೊಡ್ಡ ಹಡಗು ಒಂದು ಕಡೆ, ಹತ್ತಿರದ ಬಂದರುಗಳಿಗೆ ಓಡಾಡುವ ಚಿಕ್ಕ ಹಡಗು (ಫೀಡರ್) ಇನ್ನೊಂದು ಕಡೆ ನಿಂತರೆ ಕಂಟೇನರ್ ಲಾರಿ ಹತ್ತಿ ಟರ್ಮಿನಲ್‌ನಿಂದ ಟರ್ಮಿನಲ್‌ಗೆ ಹೋಗಬೇಕು. ಹಡಗು ತಪ್ಪಲು ಅಷ್ಟು ಸಾಕು.

ಎಲ್ಲವನ್ನೂ ಒಂದೇ ಕಡೆ ತರುವುದಕ್ಕೆ ಈಗ ಪಶ್ಚಿಮ ತುದಿಯ ತುವಾಸ್‌ನಲ್ಲಿ ಹೊಸ ಬಂದರು ಕಟ್ಟುತ್ತಿದ್ದಾರೆ. 2022ರಲ್ಲಿ ಅಧಿಕೃತವಾಗಿ ಉದ್ಘಾಟನೆಯಾಯಿತು. 2040ರ ದಶಕದಲ್ಲಿ ಮುಗಿದಾಗ ವರ್ಷಕ್ಕೆ 6.5 ಕೋಟಿ ಟಿಇಯು ಸಾಮರ್ಥ್ಯ, 26 ಕಿಲೋಮೀಟರ್ ದಡ. ಸಮುದ್ರ ತುಂಬಿ ಪಡೆದ ನೆಲ ಅದು. ಮೊದಲ ಹಂತದ ದಡಕ್ಕೆ ಹತ್ತು ಮಹಡಿ ಎತ್ತರದ 221 ಕಾಂಕ್ರೀಟ್ ಪೆಟ್ಟಿಗೆಗಳನ್ನು (ಕೈಸನ್) ಸಾಲಾಗಿ ಕೂರಿಸಿದ್ದಾರೆ. ಒಂದೊಂದೂ ಸುಮಾರು 15,000 ಟನ್. ಯಾರ್ಡ್‌ನಲ್ಲಿ ಚಾಲಕರಿಲ್ಲದ ಬ್ಯಾಟರಿ ಗಾಡಿಗಳು ಓಡಾಡುತ್ತವೆ.

ಇಷ್ಟಾದರೂ ಜಗತ್ತಿನ ಹೆಚ್ಚಿನ ಬಂದರುಗಳಲ್ಲಿ ಒಂದು ಕೆಲಸ ಇನ್ನೂ ಕೈಯಿಂದಲೇ ನಡೆಯುತ್ತದೆ. ಹಡಗಿನ ಮೇಲೆ ಕಂಟೇನರ್‌ಗಳನ್ನು ಒಂದಕ್ಕೊಂದು ಕಚ್ಚಿಸುವ ಕಬ್ಬಿಣದ ತುಂಡು ಟ್ವಿಸ್ಟ್ ಲಾಕ್. ಕ್ರೇನ್ ಕಂಟೇನರ್ ಇಳಿಸುವಾಗ ಅದರ ತಳದ ನಾಲ್ಕು ಮೂಲೆಯಿಂದ ಇದನ್ನು ಕೆಲಸಗಾರರು ತಿರುಗಿಸಿ ತೆಗೆಯುತ್ತಾರೆ. ಹತ್ತಿಸುವಾಗ ಮತ್ತೆ ಹಾಕುತ್ತಾರೆ. ಈ ಕೆಲಸ ತಡವಾದರೆ ಮೇಲಿನ ಕ್ರೇನೂ ಕಾಯಬೇಕು.